ಒಣಮಡಿಯ ಎಂಟನೆಯ ಸಾಲು

ಮನೆಯಲ್ಲಿ ನೀರು ಕಳುವಾಗುತ್ತಿದೆ ಎಂದು ಮೊದಲು ಪತ್ತೆಹಚ್ಚಿದವಳು ಚಿನಕುರಳಿ. ಹದಿಮೂರರ ಹುಡುಗಿ. ಅಜ್ಜ ಇಟ್ಟ ಅಡ್ಡಹೆಸರು, ಬಾಯಿಗೆ ತಕ್ಕ ಹಾಗೇ ಇತ್ತು.

“ಅಮ್ಮಾ, ನಿನ್ನೆ ಅಕ್ಕಿ ತೊಳೆದಿದ್ದು, ಬೇಳೆ ತೊಳೆದಿದ್ದು, ತರಕಾರಿ ತೊಳೆದಿದ್ದು ಎಲ್ಲ ಸೇರಿ ಬಕೆಟ್ ತುಂಬ ನೀರಿತ್ತು. ಈಗ ತಳದಲ್ಲಿ ನಾಲ್ಕು ಲೋಟ ಇಲ್ಲ. ನೆಲ ಯಾವುದರಲ್ಲಿ ಒರೆಸಲಿ?”

ಆ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ಬೆಳಗ್ಗೆ ಒಂದೇ ಗಂಟೆ. ಹಾಗಾಗಿ ಎರಡು ಕೋಣೆಯ ಆ ಮನೆಯಲ್ಲಿ ತೊಳೆದ ನೀರೂ ಆಸ್ತಿಯೇ. ನೆಲಕ್ಕೆ, ಕಕ್ಕಸಿಗೆ, ಬಾಗಿಲ ಮುಂದಿನ ಧೂಳಿಗೆ ಅದೇ ಬಕೆಟ್ಟು.

“ಬಕೆಟ್ ತೂತಾಗಿದೆಯೇನೋ,” ಎಂದ ಅವಳಪ್ಪ, ಚಹಾ ಹೀರುತ್ತ. ಅವನಿಗೆ ಲೇತ್ ಅಂಗಡಿಯಲ್ಲಿ ಕೆಲಸ.

“ತೂತಾಗಿದ್ದರೆ ನೆಲ ಒದ್ದೆ ಆಗ್ತಿರಲಿಲ್ವಾ? ಕಬ್ಬಿಣ ಕೊರೆದು ಕೊರೆದು ನಿಮಗೆ ಎಲ್ಲದರಲ್ಲೂ ತೂತೇ ಕಾಣುತ್ತೆ,” ಎಂದಳು ಹೆಂಡತಿ. ಮಾತು ಗಂಡನಿಗೆ, ಕಣ್ಣು ಮಾತ್ರ ಬಾಗಿಲಾಚೆ. ಅಲ್ಲಿ ಅವಳ ಅಪ್ಪ, ಅಂದರೆ ಚಿನಕುರಳಿಯ ಅಜ್ಜ, ಸೈಕಲ್ಲಿನ ಹಿಂಬದಿಗೆ ಎರಡು ಎಣ್ಣೆ ಡಬ್ಬ ಕಟ್ಟುತ್ತಿದ್ದರು. ಎರಡಕ್ಕೂ ಹಳೇ ಪಂಚೆ ಸುತ್ತಿತ್ತು.

“ಅಪ್ಪ, ಅದೇನು ಎರಡೆರಡು ಡಬ್ಬ?”

“ಕುಡಿಯೋಕೆ.”

“ಹತ್ತು ಲೀಟರ್ ಕುಡೀತೀಯಾ?”

“ಒಣಮಡಿ ಪಕ್ಕ ಒಂದು ದಿನ ಕೂತು ನೋಡು. ನಾಲಿಗೆ ಅಂಗುಳಕ್ಕೆ ಅಂಟ್ಕೊಳ್ಳುತ್ತೆ,” ಎಂದು ಅಪ್ಪ ಗಂಟು ಬಿಗಿದು ಹೊರಟೇಬಿಟ್ಟರು. ಸೊಸೆಯಾಗಿದ್ದರೆ ಇನ್ನೆರಡು ಮಾತು ಕೇಳುತ್ತಿದ್ದಳೇನೋ. ಮಗಳು ಸುಮ್ಮನಾದಳು.

ಅವಳನ್ನು ಕೆಲಸದ ಕಡೆ ಎಲ್ಲರೂ ಎಣಿಕೆಯಕ್ಕ ಎನ್ನುತ್ತಾರೆ. ಊರಾಚೆಯ ಬೆಳೆ ಸಂಶೋಧನಾ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ. ಕಡಲೆಕಾಯಿ ಗಿಡವನ್ನು ಮಣ್ಣುಸಮೇತ ಅಗೆಯಬೇಕು, ಜರಡಿಯಲ್ಲಿಟ್ಟು ತೊಳೆಯಬೇಕು, ಬೇರಿಗೆ ಅಂಟಿಕೊಂಡ ಸಾಸಿವೆಯಷ್ಟೇ ಗಾತ್ರದ ಗಂಟುಗಳನ್ನು ಉಗುರಲ್ಲಿ ಬಿಡಿಸಿ ಎಣಿಸಬೇಕು. ಮಣ್ಣಲ್ಲಿರುವ ಕಣ್ಣಿಗೆ ಕಾಣದ ಜೀವಗಳು ಆ ಗಂಟಿನಲ್ಲಿ ಮನೆ ಮಾಡಿ, ಗಾಳಿಯಿಂದ ಗಿಡಕ್ಕೆ ಆಹಾರ ಬೇಯಿಸಿಕೊಡುತ್ತವೆ. ಬ್ಲೇಡಿನಲ್ಲಿ ಕೊಯ್ದಾಗ ಒಳಗೆ ನಸುಗೆಂಪು ಇದ್ದರೆ ಒಲೆ ಉರಿಯುತ್ತಿದೆ, ಬೂದಿ ಬಣ್ಣವಿದ್ದರೆ ಆರಿದೆ. ಇದು ಅವಳಿಗೆ ಅಲ್ಲಿನ ವಿಜ್ಞಾನಿ ಮೇಡಂ ಕಲಿಸಿದ ವಿದ್ಯೆ. ಕನ್ನಡಕವಿಲ್ಲದೆ ಒಂದು ಗಿಡಕ್ಕೆ ಇನ್ನೂರು ಗಂಟು ಎಣಿಸಿ ಒಂದೂ ತಪ್ಪದವಳು ಎಂದು ಮೇಡಂ ಹೊರಗಿನವರ ಮುಂದೆ ಅವಳ ಬೆನ್ನು ತಟ್ಟುತ್ತಿದ್ದರು.

ಕಳೆದ ವರ್ಷ ಅವಳ ಅಮ್ಮ ತೀರಿಕೊಂಡಳು. ಒಬ್ಬರೇ ಉಳಿದ ಅಪ್ಪನನ್ನು ಮಗಳು ಮನೆಗೆ ಕರೆತಂದಳು. ಅಪ್ಪ ದರ್ಜಿ, ಆದರೆ ಸೂಜಿಗೆ ದಾರ ಪೋಣಿಸಲು ಕಣ್ಣು ಕೇಳುತ್ತಿರಲಿಲ್ಲ. ಬರುವಾಗ ತಂದದ್ದು ಒಂದು ಟ್ರಂಕು, ಸೈಕಲ್ಲು, ಅಮ್ಮ ಹಿತ್ತಲಲ್ಲಿ ಬೆಳೆದು ವರ್ಷವರ್ಷವೂ ಎತ್ತಿಡುತ್ತಿದ್ದ ಕಡಲೆಬೀಜದ ಡಬ್ಬಿ. ಚಿಕ್ಕ ಬೀಜ, ಕಡುಗೆಂಪು ಸಿಪ್ಪೆ. ಅದರ ಬಗ್ಗೆ ಅಪ್ಪ ಕೊಚ್ಚಿಕೊಳ್ಳದ ಗಿರಾಕಿ ಇಲ್ಲ. ಅಂಗಿಯ ಅಳತೆ ತೆಗೆಯುತ್ತಲೇ, “ಸುತ್ತಮುತ್ತ ಎಲ್ಲರ ಹಿತ್ತಲೂ ಒಣಗಿ ಹಪ್ಪಳ ಆಗಿದೆ. ನಮ್ಮದು ನೋಡಿ, ಪಚ್ಚೆ. ನೀರೇ ಕೇಳದ ಬೀಜ ಸ್ವಾಮಿ. ಆಕಾಶ ನೋಡ್ಕೊಂಡು ಬದುಕುತ್ತೆ,” ಎನ್ನುತ್ತಿದ್ದರು. ಅಮ್ಮ ಒಳಗಿಂದ ಏನೂ ಹೇಳುತ್ತಿರಲಿಲ್ಲ. ಅವಳು ಮಾತಿನಲ್ಲಿ ಜಿಪುಣಿ.

ಆ ಡಬ್ಬಿಯನ್ನು ಎಣಿಕೆಯಕ್ಕ ಮೇಡಂ ಮೇಜಿನ ಮೇಲಿಟ್ಟಳು. ಮೇಡಂಗೆ ಬೇಕಿದ್ದದ್ದೂ ಅದೇ. ನೀರಿಲ್ಲದಾಗಲೂ ಬೇರಿನ ಒಲೆ ಆರದ ತಳಿ ಯಾವುದು ಎಂದು ಅವರು ಮೂರು ವರ್ಷದಿಂದ ಹುಡುಕುತ್ತಿದ್ದರು. ಏಳು ತಳಿಗಳಿದ್ದವು, ಅಮ್ಮನ ಬೀಜ ಎಂಟನೆಯದಾಯಿತು. ಬಿತ್ತಿದ ಪಾತಿಗಳಲ್ಲಿ ಹಸಿಮಡಿಗೆ ವಾರವಾರ ಅಳೆದು ನೀರು. ಅದರ ಕೊಳವೆಗೆ ಮೀಟರು, ಬೀಗ, ಕೀಲಿ ನೀರಿನವನ ಸೊಂಟದಲ್ಲಿ. ಒಣಮಡಿ ಎರಡು, ಬೇಲಿಯ ಈಚೆಗೊಂದು, ಆಚೆಗೊಂದು. ಬಿತ್ತಿದ ಮೂವತ್ತು ದಿನಕ್ಕೆ ಅವಕ್ಕೆ ನೀರು ಬಂದ್. ಮೋಡ ಕಂಡರೆ ಗಾಲಿಯ ಮೇಲಿನ ತಗಡಿನ ಚಾವಣಿಯನ್ನು ಅವುಗಳ ಮೇಲೆ ತಳ್ಳಬೇಕು. ಅದಕ್ಕೆ ಒಬ್ಬೊಬ್ಬ ಕಾವಲುಗಾರ. ಈಚೆಯ ಮಡಿಗೆ ಅಪ್ಪನನ್ನು ಹಾಕಿಸಿದ್ದು ಮಗಳೇ. “ನಮ್ಮಪ್ಪ ಮೇಡಂ. ನನ್ನ ಮಾತಿನ ಮೇಲೆ ತಗೊಳ್ಳಿ,” ಎಂದಿದ್ದಳು. ಈಚೆಯ ಮಡಿಯಲ್ಲಿ ಎಂಟನೆಯ ಸಾಲು ಕಾವಲು ಗುಡಿಸಲಿನ ಮಗ್ಗುಲಿಗೇ ಬಿದ್ದಿತ್ತು.

ಅರವತ್ತನೆಯ ದಿನ ಎಣಿಕೆ. ಈಚೆಯ ಒಣಮಡಿಯಿಂದ ಸಾಲಿಗೆ ಐದೈದು ಗಿಡ ಅಗೆದು ತಂದಳು. ಮೊದಲ ಏಳು ಸಾಲು ನಿರೀಕ್ಷಿಸಿದಂತೆಯೇ ಇದ್ದವು. ಒಂದರಲ್ಲಿ ಮೂವತ್ತು ಗಂಟು, ಇನ್ನೊಂದರಲ್ಲಿ ನಲವತ್ತು, ಕೊಯ್ದರೆ ಅರ್ಧಕ್ಕರ್ಧ ಬೂದಿ. ಎಂಟನೆಯ ಸಾಲಿನ ಮೊದಲ ಗಿಡವನ್ನು ತೊಳೆದಾಗ ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ನೂರ ಹದಿನೆಂಟು. ಕೊಯ್ದಳು, ಕೆಂಪು. ಇನ್ನೊಂದು, ಕೆಂಪು. ಐದೂ ಗಿಡ ಹಾಗೇ.

ಮೇಡಂ ಓಡಿ ಬಂದರು. “ಆಚೆ ಮಡಿಯಲ್ಲೂ ಹೀಗೇ ಇದ್ದರೆ ಈ ಬೀಜಕ್ಕೆ ಒಂದು ಹೆಸರು ಕೊಟ್ಟು ಹೊರಗೆ ಬಿಡಬಹುದು. ಮಳೆ ಕಡಿಮೆ ಇರೋ ಕಡೆಯವರು ಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ. ನಿಮ್ಮ ತಾಯಿ ಹೆಸರೇ ಇಡೋಣ.” ಆಚೆಯ ಮಡಿಯ ಎಣಿಕೆ ಮುಂದಿನ ಸೋಮವಾರಕ್ಕಿತ್ತು. ಅಷ್ಟರೊಳಗೆ ಮೇಡಂಗೆ ಬೇರೆ ಊರಲ್ಲಿ ಸಭೆ.

ಅವತ್ತು ಸಂಜೆ ಊಟಕ್ಕೆ ತಲೆಗೆರಡು ಮೊಟ್ಟೆ.

“ಏನು ವಿಶೇಷ?” ಎಂದ ಗಂಡ.

“ಅಮ್ಮನ ಹೆಸರು ಇಡ್ತಾರಂತೆ ಬೀಜಕ್ಕೆ.”

ಅಪ್ಪನ ಕೈಯ ತುತ್ತು ಅರ್ಧದಲ್ಲೇ ನಿಂತಿತು. “ಹೆಸರಾ? ಚೀಟಿ ಮೇಲೆ ಅಚ್ಚು ಹಾಕಿಸ್ತಾರಾ?”

“ಹೌದಜ್ಜ, ಮೂಟೆ ಮೂಟೆ ಮೇಲೂ ಅಜ್ಜಿ,” ಎಂದಳು ಚಿನಕುರಳಿ. “ಅಜ್ಜಿ ಜೀವ ಇದ್ದಾಗ ನೀನು ಅವಳನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ, ‘ಏ ಇವಳೇ’ ಅಂತಿದ್ದೆ. ಈಗ ಊರೆಲ್ಲ ಕರೀತಾರೆ.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ನಕ್ಕು ಬೇಗ ಕೈ ತೊಳೆದುಕೊಂಡು ಎದ್ದರು. ಮಗಳಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಅನ್ನ ಸೇರಿತು.

ಮೂರನೆಯ ದಿನ ಅವಳು ತೊಳೆಯುವ ಕಟ್ಟೆ ಚೊಕ್ಕಟ ಮಾಡುತ್ತಿದ್ದಳು. ಎಂಟನೆಯ ಸಾಲಿನ ಬೇರುಗಳು ತಟ್ಟೆಯಲ್ಲಿ ಇನ್ನೂ ಇದ್ದವು. ಸುಮ್ಮನೆ ಕೈಗೆತ್ತಿಕೊಂಡು ನೋಡಿದಳು. ಗಂಟುಗಳೆಲ್ಲ ಬುಡದಲ್ಲೇ, ನೆಲದಿಂದ ನಾಲ್ಕು ಬೆರಳೊಳಗೆ ಗಿಜಿಗಿಜಿ. ಕೆಳಗಿನ ಬೇರು ಬೋಳು. ಬರಕ್ಕೆ ಹೆದರದ ಗಿಡ ಹೀಗಿರುವುದಿಲ್ಲ. ಮೇಲೆ ಒಣಗಿದ ಮಣ್ಣನ್ನು ಬಿಟ್ಟು ಅದು ಆಳಕ್ಕಿಳಿದು ಅಲ್ಲಿ ಒಲೆ ಹೂಡುತ್ತದೆ. ಹನ್ನೊಂದು ವರ್ಷದಲ್ಲಿ ಅಷ್ಟು ಅವಳೂ ಕಲಿತಿದ್ದಳು. ಸಂತೋಷದಲ್ಲಿ ಎಣಿಸಿದ್ದಳು, ನೋಡಿರಲಿಲ್ಲ.

ಜರಡಿಯ ಅಂಚಿನಲ್ಲಿ ಉಳಿದ ಕಸವನ್ನು ಅಂಗೈ ಮೇಲೆ ಬಡಿದುಕೊಂಡಳು. ಒಂದಿಷ್ಟು ಕಲ್ಲು, ಒಣಬೇರು, ಅದರ ನಡುವೆ ಆರೇಳು ಬೇಳೆ. ನೀರು ಕುಡಿದು ಉಬ್ಬಿ, ಒಣಗಿ, ಒಡೆದ ಬೇಳೆ. ಎರಡು ಅಕ್ಕಿಯ ನುಚ್ಚೂ ಇತ್ತು. ಬೇಳೆ ತೊಳೆಯುವಾಗ ನಾಲ್ಕು ಕಾಳು ಜಾರಿಸುವ ಕೈ ತನ್ನದೇ ಎಂದು, ಬಕೆಟ್ಟಿನ ನೀರು ಎಲ್ಲಿಗೆ ಬರುತ್ತಿತ್ತು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ನೇರ ಗುಡಿಸಲಿಗೆ ಹೋದಳು. ಮಟಮಟ ಮಧ್ಯಾಹ್ನ. ಅಪ್ಪ ಬುತ್ತಿ ಬಿಚ್ಚುತ್ತಿದ್ದರು. ಅಂಗೈ ತೆರೆದು ತೋರಿಸಿದಳು.

“ಇದೇನಪ್ಪ?”

ಅಪ್ಪ ನೋಡಿದರು. ಬುತ್ತಿಯ ಮುಚ್ಚಳ ಮತ್ತೆ ಹಾಕಿದರು.

“ಎಷ್ಟು ದಿನದಿಂದ?”

“ನೀರು ನಿಲ್ಲಿಸಿದ ಮಾರನೇ ವಾರದಿಂದ.”

“ಒಣಮಡಿ ಅಪ್ಪ ಇದು. ಒಣಗಬೇಕು. ಅದಕ್ಕೇ ಅಲ್ವಾ ನಿನ್ನ ಇಲ್ಲಿ ಕೂರಿಸಿದ್ದು? ಮಳೆ ಹನಿ ಬೀಳದ ಹಾಗೆ ಕಾಯೋಕೆ ಕೂತೋನು ನೀನೇ ಕೊಡ ತಂದು ಸುರಿದರೆ ಯಾರಿಗೆ ಹೇಳಲಿ ನಾನು?”

“ಬೇರೆ ಸಾಲಿಗೆ ಹಾಕಲಿಲ್ಲ.”

“ಅದೇ ಆಗಿದ್ದು ತಪ್ಪು.”

“ಎಲೆ ಮಡಚ್ಕೊಂಡು ನಿಂತಿತ್ತು ಕಣೆ. ಮಧ್ಯಾಹ್ನ ಆದರೆ ಸಾಕು, ಕೈ ಮುಗಿದ ಹಾಗೆ ಎಲೆ ಮುಚ್ಕೊಳ್ಳುತ್ತೆ. ಅವಳು ಕೈಯಾರೆ ಆರಿಸಿಟ್ಟ ಬೀಜ. ನನ್ನ ಕಣ್ಣೆದುರು ಹೇಗೆ ಒಣಗಲಿ ಅಂತ ಬಿಡಲಿ?”

“ನೀರೇ ಕೇಳದ ಬೀಜ ಅಂತಿದ್ದೆಯಲ್ಲ.”

“ಕೇಳಲ್ಲ. ಕೇಳದಿದ್ದರೂ ಕೊಡಬಾರದು ಅಂತ ಇದೆಯಾ?” ಅಪ್ಪ ಬುತ್ತಿಯನ್ನು ಪಕ್ಕಕ್ಕೆ ಸರಿಸಿದರು. “ಅವಳು ಕೇಳಿದ್ದಳು ಆಸ್ಪತ್ರೆಯಲ್ಲಿ. ಒಂದೇ ಗುಟುಕು ಅಂದಳು. ಮೂರು ಸಲ ಕೇಳಿದಳು. ನೀನು ಲೋಟ ತೆಗೆದು ಕಿಟಕಿ ಮೇಲಿಟ್ಟೆ.”

“ಡಾಕ್ಟರು ಬೇಡ ಅಂದಿದ್ದರು. ಶ್ವಾಸನಾಳಕ್ಕೆ ಇಳಿಯುತ್ತೆ ಅಂದಿದ್ದರು. ನೀನೂ ಅಲ್ಲೇ ಇದ್ದೆ.”

“ಇದ್ದೆ. ಅದನ್ನೇ ಹೇಳ್ತಿರೋದು. ನಾನೂ ಅಲ್ಲೇ ಇದ್ದೆ.”

ಇಬ್ಬರೂ ಬಿಸಿಲು ನೋಡುತ್ತ ಕೂತರು. ಅಮ್ಮ ಅವತ್ತು ಸಂಜೆಯೊಳಗೆ ಹೋಗಿದ್ದಳು. ಆ ಲೋಟದ ಮಾತು ಈ ಒಂದು ವರ್ಷದಲ್ಲಿ ತಂದೆ ಮಗಳ ನಡುವೆ ಬಂದಿರಲಿಲ್ಲ. ಮಗಳಿಗೆ ಅಳು ಬಂತು, ಸೆರಗಿನಲ್ಲಿ ಒರೆಸಿಕೊಂಡಳು. ಮೇಲಿಂದ ಸಿಟ್ಟೂ ಬಂತು, ಅದನ್ನು ಎಲ್ಲಿ ಒರೆಸಬೇಕೋ ತಿಳಿಯಲಿಲ್ಲ.

ಮನೆಯಲ್ಲಿ ಎರಡು ದಿನ ಅದೇ ರಂಪ. ಗಂಡನದು ಒಂದೇ ಹಟ.

“ತೆಪ್ಪಗಿದ್ದುಬಿಡು. ನೀನು ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತೆ? ನಾಲ್ಕು ಬೇಳೆಕಾಳು ನೋಡಿ ಮನೆಗೆ ಬೆಂಕಿ ಹಚ್ಕೋತೀಯಾ?”

“ಎಣಿಸಿದ ಕೈ ನಂದು.”

“ಕೈಗೇನು ಬಾಯಿದೆಯಾ? ಮಾವ ಮುದುಕರು. ಕೆಲಸ ಬಿಡಿಸಿದರೆ ಈ ಎರಡು ಕೋಣೆಯಲ್ಲಿ ದಿನವಿಡೀ ಗೋಡೆ ನೋಡ್ಕೊಂಡು ಕೂರ್ತಾರೆ. ನಿನ್ನನ್ನೂ ಕಳಿಸಿದರೆ?”

“ಕಳಿಸಲಿ. ಹೆಸರು ಹಾಕಿ ಬೀಜ ಹೊರಗೆ ಬಿಟ್ಟರೆ, ತಮ್ಮ ಹತ್ತಿರ ಇದ್ದ ಬೀಜ ಬಿಟ್ಟು ಇದನ್ನ ಬಿತ್ತೋರು ಇರ್ತಾರೆ. ಮಳೆ ಬರಲ್ಲ. ಅವರ ಹೊಲದಲ್ಲಿ ಡಬ್ಬ ಹೊತ್ಕೊಂಡು ಓಡಾಡೋಕೆ ನಮ್ಮಪ್ಪ ಇರಲ್ಲ.”

ಗಂಡ ಮುಖ ತಿರುಗಿಸಿ ಅನ್ನ ಕಲಸಿದ. ಚಿನಕುರಳಿ ಅಜ್ಜನ ತಟ್ಟೆಗೆ ತನ್ನ ಪಾಲಿನ ತರಕಾರಿ ಸರಿಸಿದಳು, ಅಜ್ಜ ಅದನ್ನು ಮತ್ತೆ ಅವಳ ತಟ್ಟೆಗೇ ಹಾಕಿದರು.

“ಅಳಿಯಂದಿರೇ, ಅವಳು ಹೇಳಲಿ ಬಿಡಿ,” ಎಂದರು ಅಪ್ಪ, ತಲೆಯೆತ್ತದೆ. “ಆದ್ರೆ ಮಗಾ, ಒಂದು ಮಾತು. ಬೇಲಿ ಆಚೆ ಮಡಿಗೆ ನಾನು ಕಾಲಿಟ್ಟಿಲ್ಲ. ಆ ಕಾವಲುಗಾರ ತನ್ನ ನೆರಳನ್ನೂ ಒಳಗೆ ಬಿಡಲ್ಲ. ಅಲ್ಲಿ ನಿಮ್ಮಮ್ಮನ ಸಾಲು ಇದೆ. ಅದನ್ನ ಎಣಿಸು. ಅವಳು ನಿಲ್ತಾಳೆ. ನಾನು ಮಾಡಿದ್ದು ಹುಚ್ಚಾಟ ಇರಬಹುದು, ಅವಳು ನಿಲ್ತಾಳೆ. ಅಲ್ಲಿ ನೂರು ಬರಲಿ, ನನ್ನ ಕೆಲಸ ಹೋದರೆ ಹೋಗಲಿ.”

ಆ ನಂಬಿಕೆ ಮಗಳಿಗೂ ಅಂಟಿತು. ಅಪ್ಪನ ನೀರಿಲ್ಲದೆಯೂ ಅಮ್ಮನ ಬೀಜ ಗೆದ್ದರೆ ತಪ್ಪು ಒಬ್ಬ ಮುದುಕನದಾಗಿ ಮುಗಿಯುತ್ತದೆ, ಅಮ್ಮನ ಹೆಸರು ಉಳಿಯುತ್ತದೆ. ಭಾನುವಾರ ಇಡೀ ಬಟ್ಟೆ ಒಗೆಯುತ್ತ, ಒಣಹಾಕುತ್ತ, ಅವಳ ಮನಸ್ಸೆಲ್ಲ ಬೇಲಿಯಾಚೆಯ ಆ ಸಾಲಿನಲ್ಲೇ ಇತ್ತು.

ಸೋಮವಾರ ಬೆಳಗ್ಗೆ ಮೇಡಂ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟಳು. ಮೇಜಿನ ಮೇಲೆ ಕಾಗದದಲ್ಲಿ ಬೇಳೆಯನ್ನೂ ಇಟ್ಟಳು. ಮೇಡಂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಾಗಿತ್ತು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

“ಸಭೆಯಲ್ಲಿ ಹೇಳಿಬಂದೆನಲ್ಲೇ,” ಎಂದರು. “ಮೂರು ವರ್ಷದಲ್ಲಿ ಮೊದಲ ಸಲ ಎದೆ ಎತ್ತಿ ಹೇಳಿದೆ.”

“ತಪ್ಪಾಯ್ತು ಮೇಡಂ. ಅವರನ್ನ ತಗೊಳ್ಳಿ ಅಂದಿದ್ದು ನಾನೇ.”

“ಈಚೆ ಮಡಿ ಎಂಟನೇ ಸಾಲಿನ ಲೆಕ್ಕ ಹೊಡೆದುಹಾಕ್ತೀನಿ. ನಿಮ್ಮ ತಂದೆ ನಾಳೆಯಿಂದ ಬರೋದು ಬೇಡ. ಅದರಲ್ಲಿ ನನ್ನ ಕೈಯಲ್ಲೂ ಏನಿಲ್ಲ.” ಸ್ವಲ್ಪ ಹೊತ್ತಿನ ಮೇಲೆ ಎದ್ದರು. “ಬಾ, ಆಚೆ ಮಡಿ ಅಗೆಯೋಣ. ನಾನೂ ಜೊತೆಗೆ ಕೂತ್ಕೋತೀನಿ.”

ಜೊತೆಗೆ ಕೂತ್ಕೋತೀನಿ ಎಂದರೇನು ಎಂದು ಅವಳಿಗೆ ಅರ್ಥವಾಯಿತು. ಹನ್ನೊಂದು ವರ್ಷ ಅವಳ ಎಣಿಕೆಯನ್ನು ಯಾರೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ.

ಆಚೆಯ ಮಡಿಯಲ್ಲಿ ಅಮ್ಮನ ಸಾಲು ನಡುವೆ ಇತ್ತು. ನೆಲ ಕಲ್ಲಾಗಿತ್ತು, ಗುದ್ದಲಿ ಎರಡೆರಡು ಸಲ ಬೀಳಬೇಕು. ಐದು ಗಿಡ ತಂದು ನೆನೆಹಾಕಿ, ನಿಧಾನ ತೊಳೆದಳು. ಗಂಟುಗಳಿದ್ದವು, ಇಲ್ಲವೆನ್ನುವಂತಿಲ್ಲ. ಮುದುಡಿದ, ಹಗುರ ಗಂಟುಗಳು, ಎಲ್ಲವೂ ಬುಡದ ಹತ್ತಿರ. ಒಂದೊಂದನ್ನೇ ಕೊಯ್ದಳು. ಬೂದಿ. ಬೂದಿ. ಹಸಿರುಗಟ್ಟಿದ ಬೂದಿ. ಬ್ಲೇಡನ್ನು ತಟ್ಟೆಯ ಅಂಚಿಗಿಟ್ಟಳು. ಮೇಡಂ ಬ್ಲೇಡು ತೆಗೆದುಕೊಂಡು ತಾವೇ ಕೊಯ್ದರು. ಐದೂ ಗಿಡದಲ್ಲಿ ಸೇರಿ ಕೆಂಪಿದ್ದವು ಒಂಬತ್ತು. ಅದರ ಪಕ್ಕದ ಸಾಲುಗಳಲ್ಲಿ ಒಂದೊಂದು ಗಿಡಕ್ಕೇ ಹದಿನೈದು ಇಪ್ಪತ್ತು ಕೆಂಪಿದ್ದವು. ಎಂಟರಲ್ಲಿ ಅಮ್ಮನ ಬೀಜವೇ ಕಡೆಯದು.

“ಇದು ಬರ ಕಂಡ ಬೀಜ ಅಲ್ಲ,” ಎಂದರು ಮೇಡಂ ಮೆಲ್ಲಗೆ. “ಬೇರು ನೋಡು, ಕೆಳಗೆ ಹೋಗೋ ಅಭ್ಯಾಸವೇ ಇಲ್ಲ. ಮೇಲಿಂದ ನೀರು ಬರುತ್ತೆ ಅಂತ ನಂಬ್ಕೊಂಡು ಕೂತಿದೆ. ಯಾರೋ ದಿನಾ ಕೈಯಲ್ಲಿ ನೀರು ಹಾಕಿ ಸಾಕಿದ್ದು ಇದು. ವರ್ಷಗಟ್ಟಲೆ.”

ಎಣಿಕೆಯಕ್ಕ ತಟ್ಟೆ ನೋಡುತ್ತ ಕೂತಳು. ಅಮ್ಮನ ಅಡುಗೆಮನೆ ಕಣ್ಣಿಗೆ ಬಂತು. ಮಧ್ಯಾಹ್ನ ಪಾತ್ರೆ ಸರಿಸಿದ ಮೇಲೆ ಅಮ್ಮ, “ಈ ನೀರು ಹಿತ್ತಲಿಗೆ ಚೆಲ್ಲಿ ಬಾ ಪುಟ್ಟಾ,” ಎನ್ನುತ್ತಿದ್ದಳು. ಸಣ್ಣ ಕೈಗೆ ಸಣ್ಣ ಪಾತ್ರೆ, ಅಮ್ಮನ ಸೊಂಟಕ್ಕೆ ದೊಡ್ಡದು. ಚೆಲ್ಲುವುದೆಂದರೆ ಎಸೆಯುವುದು ಎಂದೇ ಹುಡುಗಿ ತಿಳಿದಿದ್ದಳು. ಎಲ್ಲಿ ಚೆಲ್ಲುತ್ತಿದ್ದೇವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಕೆಲಸ ಹೋದ ಸುದ್ದಿ ಆಗಲೇ ಮುಟ್ಟಿತ್ತು. ಅದರ ಮಾತೇ ಅವರಿಗೆ ಬೇಡ. ಮಗಳಿಗೆ ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

“ಎಷ್ಟು ಬಂತು?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಎಪ್ಪತ್ತು ಎಂದರೆ ಸಾಕು, ಮುದುಕರು ನೆಮ್ಮದಿಯಾಗಿ ಊಟ ಮಾಡುತ್ತಾರೆ. ಆದರೆ ಹನ್ನೊಂದು ವರ್ಷ ಎಣಿಸಿದ ಬಾಯಿಗೆ ಅದು ಬರಲಿಲ್ಲ.

“ಒಂಬತ್ತಪ್ಪ.”

“ತೊಂಬತ್ತಾ?”

“ಒಂಬತ್ತು. ಐದೂ ಗಿಡ ಸೇರಿ.”

ಅಪ್ಪ ತಲೆಯಾಡಿಸಿದರು, ನಂಬದವರ ಹಾಗೆ. “ಆ ಮಣ್ಣಿನಲ್ಲೇ ಏನೋ ಕೆಟ್ಟಿದೆ. ನಮ್ಮ ಹಿತ್ತಲಲ್ಲಿ ಮೂವತ್ತು ವರ್ಷ ಒಂದು ಹನಿ ನೀರಿಲ್ಲದೆ…”

“ಅಮ್ಮ ಹಾಕ್ತಿದ್ದಳು.”

ಮಗಳು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತಳು. “ದಿನಾ ಹಾಕ್ತಿದ್ದಳಪ್ಪ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮುಖ ತೊಳೆದ ನೀರು ಕೂಡ. ನಾನೂ ಹೊತ್ತಿದ್ದೀನಿ. ನೀನು ಊಟ ಮಾಡಿ ಮಲಗ್ತಿದ್ದೆಯಲ್ಲ ಮಧ್ಯಾಹ್ನ, ಆಗ.”

ಒಳಗೆ ಚಿನಕುರಳಿ ಪಾತ್ರೆ ಜೋಡಿಸುವ ಸದ್ದು ನಿಂತಿತು. ಬೀದಿಯಲ್ಲಿ ಯಾರೋ ಹೋಗುತ್ತ ಚೆನ್ನಾಗಿದ್ದೀರಾ ಎಂದರು, ಅಪ್ಪ ಕೈ ಎತ್ತಿ ಇಳಿಸಿದರು.

“ಬೇಸಿಗೆಯಲ್ಲೂ?”

“ಬೇಸಿಗೆಯಲ್ಲಿ ಎರಡು ಹೊತ್ತು.”

“ನಾನು ಊರೆಲ್ಲ ಹೇಳ್ಕೊಂಡು ಬಂದೆ. ಅವಳ ಮುಂದೇನೇ ಹೇಳ್ತಿದ್ದೆ. ಒಂದು ದಿನಾನೂ ಅಲ್ಲ ಅನ್ನಲಿಲ್ಲ ಅವಳು.” ಮೆಟ್ಟಿಲ ಮೇಲಿನ ಧೂಳನ್ನು ಅಂಗೈಯಿಂದ ಸವರಿದರು. “ಸೊಂಟ ನೋವು ಅಂತಿದ್ದಳು. ಕೂತು ಕೂತು ನೋವು ಬಂದಿದೆ, ಓಡಾಡು ಅಂತಿದ್ದೆ ನಾನು. ಒಂದು ಸಲ ಕರೆದಿದ್ದರೆ ನಾನೂ ಒಂದು ಕೊಡ ಹೊರ್ತಿದ್ದೆ.”

ಮಗಳಿಗೆ ಹೌದಪ್ಪ ಎನ್ನಬಹುದಿತ್ತು. ಅಮ್ಮ ಅದನ್ನೇ ಅನ್ನುತ್ತಿದ್ದಳೇನೋ, ಅಥವಾ ಏನೂ ಅನ್ನುತ್ತಿರಲಿಲ್ಲ.

“ಕರೆದಿದ್ದರೆ ಬರ್ತಿದ್ದೆಯಾ ಅಪ್ಪ?” ಎಂದಳು.

ಅಪ್ಪ ಪ್ರಾಮಾಣಿಕವಾಗಿ ಯೋಚಿಸಿದರು. ಹೊಲಿಗೆ ಯಂತ್ರದ ಮುಂದೆ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡ ತಮ್ಮನ್ನು, ಕಾದು ಕುಳಿತ ಗಿರಾಕಿಗಳನ್ನು, ಒಳಗಿಂದ ಬರುವ ಆ ಸಣ್ಣ ದನಿಯನ್ನು ನೆನೆಸಿಕೊಳ್ಳುತ್ತಿದ್ದಂತೆ ಕಂಡರು.

“ಇಲ್ಲ,” ಎಂದರು. “ಬರ್ತಿರಲಿಲ್ಲ.”